ಒಡಹುಟ್ಟಿದವರ ಅಳಲು ಮತ್ತು ಸಾಕ್ಷ್ಯರಂಗಭೂಮಿ

ಇಷ್ಟವಿಯೋಗದಿಂದ ಹುಟ್ಟುವ ಚಿಂತೆಯನ್ನು ನಮ್ಮ ಆಚಾರ್ಯರು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದೆಂದು ಎಣಿಸಿದ್ದಾರೆ. ಅಗಲಿದವರನ್ನೇ ಎಡೆಬಿಡದೆ ನೆನೆದು ಕೊರಗುವುದು ಕರ್ಮಬಂಧಕ್ಕೆ ಕಾರಣವೆಂಬುದು ಅವರ ಎಚ್ಚರಿಕೆ. ಹಾಗಿದ್ದರೆ, ಯುದ್ಧದಲ್ಲಿ ತಮ್ಮವರನ್ನು ಕಳೆದುಕೊಂಡವರೇ ರಂಗದ ಮೇಲೆ ನಿಂತು ತಮ್ಮ ಬಾಳನ್ನು ಹೇಳಿಕೊಳ್ಳುವ ಸಾಕ್ಷ್ಯರಂಗಭೂಮಿಯನ್ನು ಜೈನ ಶ್ರಾವಕನು ಹೇಗೆ ತೂಗಬೇಕು? ಅದು ಆರ್ತಧ್ಯಾನವನ್ನು ಬೆಳೆಸುವುದೋ, ಅನುಪ್ರೇಕ್ಷೆಯತ್ತ ಒಯ್ಯುವುದೋ?

ಈ ಪ್ರಶ್ನೆಗೆ ತಕ್ಕ ನಿದರ್ಶನ 2014ರಲ್ಲಿ ಲೆಬನಾನಿನ ಬೈರೂತ್ ನಗರದಲ್ಲಿ ಪ್ರದರ್ಶಿತವಾದ ‘ಸಿರಿಯಾದ ಅಂತಿಗೊನೆ’. ಸಿರಿಯಾದ ಅಂತರ್ಯುದ್ಧ ಹೊತ್ತಿಕೊಂಡುದು 2011ರಲ್ಲಿ. 2014ರ ಏಪ್ರಿಲ್ ವೇಳೆಗೆ ಪುಟ್ಟ ಲೆಬನಾನಿನಲ್ಲಿ ನೋಂದಾಯಿತರಾದ ಸಿರಿಯಾದ ನಿರಾಶ್ರಿತರೇ ಹತ್ತು ಲಕ್ಷವನ್ನು ದಾಟಿದ್ದರು. ಪ್ಯಾಲೆಸ್ಟೀನಿನ ನಿರಾಶ್ರಿತರಿಗಾಗಿ 1949ರಲ್ಲಿ ಆರಂಭವಾದ ಶತೀಲಾ ಶಿಬಿರವೂ ಇವರಲ್ಲಿ ಹಲವರಿಗೆ ನೆಲೆಯಾಯಿತು. ಇಂತಹ ಮಹಿಳೆಯರನ್ನು ಕೂಡಿಸಿಕೊಂಡು ಲೇಖಕ ಮೊಹಮ್ಮದ್ ಅಲ್ ಅತ್ತಾರ್ ಮತ್ತು ನಿರ್ದೇಶಕ ಒಮರ್ ಅಬೂಸಾದಾ ಈ ನಾಟಕವನ್ನು ಕಟ್ಟಿದರು. ಅವರು ವೃತ್ತಿನಟಿಯರಲ್ಲ. ಅಂತಿಗೊನೆಯ ಕಥೆಯ ನಡುನಡುವೆ ಅವರು ಹೇಳಿದುದು ತಮ್ಮದೇ ಕಥೆಯನ್ನು.

ಪಿ. ಲಂಕೇಶರು ಕನ್ನಡಕ್ಕೆ ತಂದಿರುವ ಸೊಫೊಕ್ಲೀಸನ ‘ಅಂತಿಗೊನೆ’ ನಮ್ಮಲ್ಲಿ ಹಲವರಿಗೆ ಪರಿಚಿತ. ಥೀಬ್ಸ್ ನಗರದ ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರಿಬ್ಬರು ಪರಸ್ಪರ ಕೊಂದುಕೊಳ್ಳುತ್ತಾರೆ. ಒಬ್ಬನಿಗೆ ರಾಜಮರ್ಯಾದೆಯ ಸಂಸ್ಕಾರ. ಇನ್ನೊಬ್ಬನ ದೇಹ ಹದ್ದುನಾಯಿಗಳ ಪಾಲಾಗಲೆಂಬುದು ಅರಸ ಕ್ರೆಯಾನನ ಆಜ್ಞೆ. ತಂಗಿ ಆ ಆಜ್ಞೆಯನ್ನು ಮೀರಿ ಅಣ್ಣನಿಗೆ ಮಣ್ಣು ಕೊಡುತ್ತಾಳೆ. ಸತ್ತವನು ತನ್ನ ನಗರದ ಮೇಲೆಯೇ ದಂಡೆತ್ತಿ ಬಂದವನು. ಆದರೂ ಆಕೆಗೆ ಅವನು ಒಡಹುಟ್ಟಿದವನು. ಆಕೆ ಬೇಡುವುದು ಅಂತ್ಯಸಂಸ್ಕಾರವನ್ನು, ಪ್ರತೀಕಾರವನ್ನಲ್ಲ. ದುಃಖವು ದ್ವೇಷಕ್ಕೆ ತಿರುಗದೆ ನಿಲ್ಲುವ ಎಡೆಯೊಂದು ಈ ಕಥೆಯಲ್ಲಿದೆ. ಆದುದರಿಂದ ಅಂತರ್ಯುದ್ಧದ ನಾಡಿನವರಿಗೆ ಈ ಆಯ್ಕೆ ಉಚಿತವೆಂದೇ ನನ್ನ ಅಭಿಪ್ರಾಯ.

ಇನ್ನೊಂದು ಗುಣವನ್ನೂ ಹೇಳಬೇಕು. ಪರರ ಸಂಕಟವನ್ನು ಕಥೆಯಾಗಿಸಿ ಹೆಸರು ಗಳಿಸುವವರಿಗೆ ಕೊರತೆಯಿಲ್ಲ. ಕೊಡದುದನ್ನು ತೆಗೆದುಕೊಳ್ಳುವುದೇ ಕಳವು ಎಂದು ಉಮಾಸ್ವಾಮಿಗಳು ತಿಳಿಸಿರುವ ಅದತ್ತಾದಾನದ ದೋಷವು ಹಣಕ್ಕೆ ಮಾತ್ರ ಸಂಬಂಧಿಸಿದುದಲ್ಲ, ಕಣ್ಣೀರಿಗೂ ಸಂಬಂಧಿಸಿದುದು. ಇಲ್ಲಿ ನೊಂದವರೇ ತಮ್ಮ ಮಾತನ್ನು ತಾವಾಗಿ ನೀಡಿದ್ದಾರೆ. ಹೇಳಲಾಗದುದನ್ನು ಅಂತಿಗೊನೆಯ ಬಾಯಿಂದ ಹೇಳಿಸಲು ಅವಕಾಶವೂ ಇದೆ. ಪುರಾತನ ಕಥೆ ಅವರಿಗೆ ಮರೆಯೂ ಹೌದು, ಆಸರೆಯೂ ಹೌದು.

ಆದರೆ ಒಂದು ಕೊರತೆ ಉಳಿಯುತ್ತದೆ. ಅಂತಿಗೊನೆಯ ಮಾತು ಆರಂಭವಾಗುವುದು ಅಣ್ಣತಮ್ಮಂದಿರು ಸತ್ತ ಮೇಲೆ. ಪ್ರೇಕ್ಷಕನು ಕಣ್ಣೊರೆಸಿಕೊಂಡು, ತಾನು ಕರುಣೆಯುಳ್ಳವನೆಂದು ನೆಮ್ಮದಿಯಿಂದ ಮನೆಗೆ ಮರಳಬಹುದು. ಯುದ್ಧಕ್ಕೆ ಮುನ್ನ ಆಡಬೇಕಾಗಿದ್ದ ಮಾತು ಯಾವುದು, ಆಡಬೇಕಾಗಿದ್ದವರು ಯಾರು ಎಂಬ ಪ್ರಶ್ನೆ ಅಂಥವನನ್ನು ತಟ್ಟದೆ ಹೋಗುತ್ತದೆ.

ಇಲ್ಲಿ ನಮ್ಮ ಪುರಾಣ ನೆನಪಾಗುತ್ತದೆ. ಭರತ ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ನಡುವೆ ಬಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿಯೇ ಜಯಾಪಜಯ ನಿರ್ಧಾರವಾಗಲೆಂದರು. ಸಾವಿರಾರು ಸೈನಿಕರ ತಂಗಿಯರು ಅಂದು ಅಂತಿಗೊನೆಯರಾಗಲಿಲ್ಲ. ಶ್ವೇತಾಂಬರ ಪರಂಪರೆಯಲ್ಲಿ ಸೋದರಿಯರಾದ ಬ್ರಾಹ್ಮೀ ಸುಂದರಿಯರು ತಪೋನಿರತ ಬಾಹುಬಲಿಯ ಬಳಿಗೆ ಹೋಗಿ, ಮಾನವೆಂಬ ಆನೆಯಿಂದ ಇಳಿಯಬೇಕೆಂದು ತಿಳಿಹೇಳುತ್ತಾರೆ. ಅಲ್ಲಿ ತಂಗಿಯ ಮಾತು ಬದುಕಿರುವ ಅಣ್ಣನಿಗೆ ಮುಟ್ಟುತ್ತದೆ. ಬೈರೂತಿನ ಸೋದರಿಯರಿಗೆ ಅಂತಹ ಅವಕಾಶವನ್ನು ಯಾರೂ ಕೊಡಲಿಲ್ಲ. 2024ರ ಡಿಸೆಂಬರಿನಲ್ಲಿ ಅಸಾದರ ಆಳ್ವಿಕೆ ಕುಸಿಯಿತು. ಆದರೆ ಮಡಿದವರು ಮರಳಲಿಲ್ಲ.

ಆದುದರಿಂದ ಮೊದಲ ಪ್ರಶ್ನೆಗೆ ಉತ್ತರ ನಾಟಕದಲ್ಲಿ ಅರ್ಧ, ಪ್ರೇಕ್ಷಕನಲ್ಲಿ ಅರ್ಧ. ಕೇಳಿದವನು ಅನಿತ್ಯ, ಅಶರಣ ಭಾವನೆಗಳನ್ನು ಮನನ ಮಾಡಿ ತನ್ನ ವೈರವನ್ನು ಸಡಿಲಿಸಿದರೆ ಆ ದುಃಖ ಸಾರ್ಥಕ. ದಶಲಕ್ಷಣ ಪರ್ವದಲ್ಲಿ ಭರತ ಬಾಹುಬಲಿ ನಾಟಕವನ್ನು ಆಡಿಸುವ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ: ಮಲ್ಲಯುದ್ಧದ ಅಬ್ಬರಕ್ಕಿಂತ ಮಂತ್ರಿಗಳ ಸಂಧಾನದ ದೃಶ್ಯಕ್ಕೆ ಹೆಚ್ಚು ಹೊತ್ತು ಮೀಸಲಿಡಿ. ಆಸ್ತಿಯ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಆ ಸಭೆಯಲ್ಲಿಯೂ ಕುಳಿತಿರುತ್ತಾರೆ. ಅವರು ಒಬ್ಬರನ್ನೊಬ್ಬರು ಕ್ಷಮಿಸಬೇಕಾದುದು ಇಬ್ಬರೂ ಬದುಕಿರುವಾಗಲೇ.