ಒಲ್ಲೆನೆಂದ ಬಾಯಿ, ತೋಟಕ್ಕೆ ನಡೆದ ಕಾಲು

ದೇವನಹಳ್ಳಿ, ದೊಡ್ಡಬಳ್ಳಾಪುರದ ಸೀಮೆಯಲ್ಲಿ ಈಗಲೂ ಅಲ್ಲಲ್ಲಿ ದ್ರಾಕ್ಷಿ ಚಪ್ಪರಗಳು ಉಳಿದಿವೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ‘ಬೆಂಗಳೂರು ಬ್ಲೂ’ ಈ ಕೆಮ್ಮಣ್ಣಿನ ಬೆಳೆ. ಚಪ್ಪರದಡಿ ಗಂಟೆಗಟ್ಟಲೆ ತೋಳೆತ್ತಿ ದುಡಿಯುವವರನ್ನು ಕಂಡವರಿಗೆ ಮತ್ತಾಯನ ಶುಭಸಂದೇಶದ ಒಂದು ಸಾಮತಿ ಬೇಗ ಮನಸ್ಸಿಗೆ ಹತ್ತುತ್ತದೆ. ತಂದೆ ಇಬ್ಬರು ಮಕ್ಕಳನ್ನು ದ್ರಾಕ್ಷಿತೋಟದ ಕೆಲಸಕ್ಕೆ ಕರೆಯುತ್ತಾನೆ. ಒಬ್ಬ ಒಲ್ಲೆನೆಂದು ಹೇಳಿ ಆಮೇಲೆ ಮನಸ್ಸು ಬದಲಿಸಿ ಹೋಗುತ್ತಾನೆ. ಇನ್ನೊಬ್ಬ ಹೋಗುತ್ತೇನೆಂದು ಹೇಳಿ ಹೋಗುವುದೇ ಇಲ್ಲ. ತಂದೆಯ ಮಾತು ನಡೆಸಿದವನು ಯಾರು ಎಂಬುದು ಪ್ರಶ್ನೆ.

ಈ ಸಾಮತಿಯನ್ನು ಓದಿದಾಗಲೆಲ್ಲ ನನಗೆ ನೆನಪಾಗುವವರು ಮೈಸೂರು ಸೀಮೆಯ ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ಅವರನ್ನು ಮೆಚ್ಚುವವರು ಬದುಕನ್ನಷ್ಟೇ ಹೇಳುತ್ತಾರೆ, ಜರಿಯುವವರು ಪುಸ್ತಕವನ್ನಷ್ಟೇ ಓದುತ್ತಾರೆ. ಒಬ್ಬ ವಿಶ್ವಾಸಿಯ ನಡೆನುಡಿಯನ್ನು ತೂಗುವಾಗ ತಕ್ಕಡಿಯ ಎರಡೂ ತಟ್ಟೆಗಳು ಬೇಕು.

ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ದ್ಯುಬುವಾ ಭಾರತಕ್ಕೆ ಬಂದರು. 1799ರಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ, ಚೆದುರಿಹೋಗಿದ್ದ ಕಥೋಲಿಕರನ್ನು ಮತ್ತೆ ಕೂಡಿಸಲು ಅವರನ್ನು ಅಲ್ಲಿಗೆ ಕರೆಸಿದರು. ಮುಂದಿನ ಎರಡು ದಶಕಗಳಿಗೂ ಹೆಚ್ಚು ಕಾಲ ಅವರು ಈ ನಾಡಿನಲ್ಲೇ ಇದ್ದರು. ನಮ್ಮವರಂತೆ ರುಮಾಲು ಸುತ್ತಿ ನಿಲುವಂಗಿ ತೊಟ್ಟರು, ನಮ್ಮವರಂತೆ ಉಂಡರು, ಊರೂರು ಅಲೆದರು. ಹಾಸನದ ಕಡೆ ಒಕ್ಕಲು ಮಾಡಿ ಬದುಕುವ ಕ್ರೈಸ್ತ ಹಳ್ಳಿಗಳಿಗೆ ನೆಲೆ ಹಾಕಿಕೊಟ್ಟರು. ಈ ದಾರಿ ಅವರೊಂದಿಗೆ ಮುಗಿಯಲಿಲ್ಲ. ಮೈಸೂರು ಸಂಸ್ಥಾನದ ಸುಮಾರು 10 ಲಕ್ಷ ಜನರನ್ನು ನುಂಗಿದ 1876–78ರ ಧಾತು ಈಶ್ವರ ಬರದ ನಂತರ, ಅನಾಥ ಮಕ್ಕಳಿಗೆ ಹೊಲ, ಮನೆ, ಗುಡಿ ಮೂರನ್ನೂ ಒಟ್ಟಿಗೆ ಕೊಟ್ಟ ನೆಲಮಂಗಲ ಸೀಮೆಯ ಸಿಲುವೆಪುರದಂಥ ಊರುಗಳಲ್ಲೂ ಅದೇ ತಿಳಿವಳಿಕೆ ಕಾಣುತ್ತದೆ: ಹಸಿದವನಿಗೆ ದೇವರ ಮಾತು ಹೇಳುವ ಮೊದಲು ಕಾಲೂರಲು ನೆಲ ಬೇಕು.

ದ್ಯುಬುವಾ ಅವರ ಬದುಕಿನ ಬಹುದೊಡ್ಡ ಕೆಲಸ ಸಿಡುಬಿನ ದಾಕು. 1802ರಲ್ಲಿ ಲಸಿಕೆ ಮುಂಬಯಿಗೆ ಬಂದಿಳಿಯಿತು. ಆಗ ಸೀಸೆ, ಸಿರಿಂಜು, ಶೀತಲಪೆಟ್ಟಿಗೆ ಯಾವುದೂ ಇರಲಿಲ್ಲ. ದಾಕು ತೋಳಿನಿಂದ ತೋಳಿಗೆ ನಡೆದುಬರಬೇಕಿತ್ತು. ಒಂದು ಮಗುವಿನ ತೋಳಿಗೆ ಹಾಕಿದರೆ ಸುಮಾರು ಎಂಟನೆಯ ದಿನಕ್ಕೆ ಅಲ್ಲಿ ನೀರುಗುಳ್ಳೆ ಏಳುತ್ತದೆ. ಅದರ ರಸವನ್ನು ಚೂಪಾದ ಸಲಕರಣೆಯ ತುದಿಯಲ್ಲಿ ತೆಗೆದು ಮುಂದಿನ ಮಗುವಿನ ತೋಳಿನಲ್ಲಿ ಗೀರಬೇಕು. ಹೊತ್ತಿಗೆ ಸರಿಯಾಗಿ ಇನ್ನೊಂದು ತೋಳು ಸಿಗದಿದ್ದರೆ ಸರಪಣಿಯೇ ಕಡಿದುಹೋಗುತ್ತದೆ. ಸಿಡುಬನ್ನು ‘ಅಮ್ಮ’ ಎಂದು ಕೈಮುಗಿಯುವ, ಮುಟ್ಟು–ಮಡಿ ನೋಡುವ ನಾಡಿನಲ್ಲಿ, ಯಾರದೋ ಕೂಸಿನ ಗುಳ್ಳೆಯ ರಸವನ್ನು ತನ್ನ ಕೂಸಿನ ಮೈಗೆ ಹಾಕಿಸಲು ತಾಯಿಯೊಬ್ಬಳು ಒಪ್ಪಬೇಕಾದರೆ ಎದುರಿಗೆ ನಿಂತವನ ಮೇಲೆ ಎಷ್ಟು ನಂಬಿಕೆ ಇರಬೇಕು! 1803–04ರ ಒಂದೇ ಅವಧಿಯಲ್ಲಿ 25,432 ಮಂದಿಗೆ ದಾಕು ಹಾಕಿದ ದಾಖಲೆಯನ್ನು ದ್ಯುಬುವಾ ಕೊಡುತ್ತಾರೆ. ಮೈಸೂರಿನ ಅರಮನೆಯೂ ದಾಕಿನ ಬೆನ್ನಿಗೆ ನಿಂತಿತ್ತು, ಈಸ್ಟ್ ಇಂಡಿಯಾ ಕಂಪನಿಯ ವೈದ್ಯರೂ ಇದ್ದರು. ಆದರೂ ಹಳ್ಳಿಯ ತಾಯಿ ನಂಬಿದ್ದು ತನ್ನ ಬಾಗಿಲಿಗೆ ಬಂದು ನಿಂತ ಮನುಷ್ಯನನ್ನು. ಅಲ್ಲಿ ಉಪದೇಶವಿರಲಿಲ್ಲ, ತೋಳು ಹಿಡಿದ ಕೈಯಿತ್ತು. ಶುಭಸಂದೇಶ ಹಾಗೂ ತಲುಪುತ್ತದೆ.

ಇನ್ನು ನುಡಿಯ ತಟ್ಟೆ. ಇಂದು ‘ಹಿಂದೂ ಮ್ಯಾನರ್ಸ್, ಕಸ್ಟಮ್ಸ್ ಅಂಡ್ ಸೆರೆಮನೀಸ್’ ಎಂದು ಹೆಸರಾದ ಅವರ ಪುಸ್ತಕದ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ದಕ್ಷಿಣದ ಜನಜೀವನದ ವಿವರಗಳು ಇಷ್ಟು ಒಟ್ಟಾಗಿ ಸಿಗುವ ಆ ಕಾಲದ ಪುಸ್ತಕಗಳು ವಿರಳ, ಇದನ್ನು ಒಪ್ಪಲೇಬೇಕು. ಆದರೆ ಎರಡು ದೋಷಗಳನ್ನು ಮುಚ್ಚಿಡಲಾಗದು. ಮೊದಲನೆಯದು, ಅದರ ಬಹುಭಾಗ ಅವರ ಸ್ವಂತದ್ದಲ್ಲ. ಪುದುಚೇರಿಯಲ್ಲಿದ್ದ ಜೆಸ್ವಿತ್ ಪಾದ್ರಿ ಕೂರ್ದೂ ಅವರು ಹಿಂದಿನ ಪೀಳಿಗೆಯಲ್ಲಿ ಬರೆದಿಟ್ಟ ಬರಹವನ್ನು ದ್ಯುಬುವಾ ಹೆಸರು ಹೇಳದೆ ಬಳಸಿಕೊಂಡಿದ್ದರೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಎರಡನೆಯದು ಇನ್ನೂ ನೋಯಿಸುವಂಥದ್ದು: ಯಾರ ಜಗುಲಿಯಲ್ಲಿ ಕೂತು ಉಂಡರೋ ಆ ಜನರ ಬಗ್ಗೆ ಪುಟಪುಟದಲ್ಲೂ ಇಣುಕುವ ತಾತ್ಸಾರ. ಜನ ಅವರಿಗೆ ಮನೆಯ ಬಾಗಿಲು ತೆರೆದಿದ್ದರು. ಒಳಗೆ ಕಂಡದ್ದನ್ನು ಅವರು ದೊರೆಗಳಿಗೆ ವರದಿ ಮಾಡಿದರು.

1823ರಲ್ಲಿ ಅವರು ಪ್ಯಾರಿಸಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತ ಅವರ ಪತ್ರಗಳು ಪ್ರಕಟವಾದವು. ಈ ನೆಲದಲ್ಲಿ ಕ್ರೈಸ್ತ ವಿಶ್ವಾಸ ಬೇರೂರದು ಎಂಬುದು ಅವರ ತೀರ್ಮಾನ. ತಾನು ಸೇರಿಸಿದವರು 200–300 ಮಂದಿ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು ಮತ್ತು ಭಿಕ್ಷುಕರು ಎಂದು ಅದನ್ನು ತಮ್ಮ ಸೋಲಿನ ಲೆಕ್ಕವಾಗಿ ಬರೆದರು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮುಂತಾದ ಪ್ರೊಟೆಸ್ಟೆಂಟ್ ಪಾದ್ರಿಗಳು ಮರುವರ್ಷವೇ ಪುಸ್ತಕ ಬರೆದು ಉತ್ತರ ಕೊಟ್ಟರು. ನನ್ನ ತಕರಾರು ಅವರ ವಾದಕ್ಕಿಂತ ಸರಳವಾದದ್ದು. ಔತಣದ ಸಾಮತಿಯಲ್ಲಿ ಬೀದಿಬದಿಯ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಪಂಕ್ತಿಗೆ ಕೂರಿಸಿದ ಯೇಸುವಿನ ಶಿಷ್ಯ, ತನ್ನ ಬಳಿಗೆ ಬಂದ ಭಿಕ್ಷುಕರನ್ನು ನಷ್ಟದ ಕಾಲಮ್ಮಿಗೆ ಹಾಕಬಹುದೇ? ಅವರ ಗೆಲುವೇ ಅದಾಗಿತ್ತು. ಅದು ಅವರ ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ದ್ಯುಬುವಾ ಸಾಮತಿಯ ಮೊದಲನೆಯ ಮಗನೇ? ಒಂದರ್ಥದಲ್ಲಿ ಹೌದು. ಈ ತೋಟ ಫಲ ಕೊಡದೆಂದು ಬಾಯಿ ಹೇಳಿದರೂ ಕಾಲು ಮೂರು ದಶಕ ತೋಟದಲ್ಲೇ ಇತ್ತು. ನಡೆ ನುಡಿಗಿಂತ ದೊಡ್ಡದಾದ ಆ ಬದುಕಿಗೆ ನಾನು ಕೈಮುಗಿಯುತ್ತೇನೆ. ಆದರೆ ಅಷ್ಟಕ್ಕೇ ಕೈತೊಳೆದುಕೊಳ್ಳುವಂತಿಲ್ಲ. ದಾಕು ಹಾಕಿಸಿಕೊಂಡ 25,432 ತೋಳುಗಳು ಎಂದೋ ಮಣ್ಣಾದವು, ಪುಸ್ತಕ ಇನ್ನೂ ಅಚ್ಚಾಗುತ್ತಿದೆ. ನೆರೆಯವನ ಬೆನ್ನ ಹಿಂದೆ ಅವನನ್ನು ಕುರಿತು ಆಡುವ ಮಾತೂ ಅವನಿಗೆ ಮಾಡುವ ಕೆಲಸವೇ. ನುಡಿಯೂ ಒಂದು ನಡೆಯೇ.

ಇದನ್ನು ಬಲ್ಲ ಇನ್ನೊಬ್ಬ ಪಾದ್ರಿ ಕನ್ನಡಕ್ಕೆ ಸಿಕ್ಕರು. ಬಾಸೆಲ್ ಮಿಶನ್ನಿನ ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಕ್ರಿಸ್ತನನ್ನು ಸಾರುವ ಕೆಲಸದ ಜೊತೆಗೇ ಜನರ ಬಾಯಲ್ಲೂ ಓಲೆಗಳಲ್ಲೂ ಚೆದುರಿದ್ದ ಸರ್ವಜ್ಞನ ತ್ರಿಪದಿಗಳನ್ನು ಆರಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ಅನುಭವ ಮಂಟಪದ ಐತಿಹಾಸಿಕತೆಯನ್ನು ಎತ್ತಿಹಿಡಿದು ಪುಸ್ತಕ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ಒಬ್ಬರು ಭಿಕ್ಷುಕರನ್ನು ಸೋಲಿನ ಲೆಕ್ಕಕ್ಕೆ ಬರೆದರು, ಇನ್ನೊಬ್ಬರು ತಾವೇ ಜೋಳಿಗೆ ಹಿಡಿದು ನೆರೆಯವರ ಮಾತಿಗೆ ಕೈಯೊಡ್ಡಿದರು. ದ್ಯುಬುವಾ ಜನರನ್ನು ನೋಡಿದರು, ಚನ್ನಪ್ಪನವರು ಜನರನ್ನು ಕೇಳಿಸಿಕೊಂಡರು. ನಡೆಯೂ ನುಡಿಯೂ ಒಂದಾಗುವ ದಾರಿ ಆ ಕೇಳಿಸಿಕೊಳ್ಳುವಿಕೆಯಲ್ಲಿದೆ.

ಈ ವಿಚಾರ ನನಗೆ ಪುಸ್ತಕದಿಂದಷ್ಟೇ ಬಂದದ್ದಲ್ಲ. ಕೊರೋನಾ ಕಾಲದಲ್ಲಿ ಮಗ್ಗ ನಿಂತ ಮನೆಗಳಿಗೆ ಅಕ್ಕಿಬೇಳೆ ಹಂಚಲು ಹೊರಟ ಒಂದು ಗುಂಪಿನಲ್ಲಿ ನಾನೂ ಇದ್ದೆ. ಚೀಲ ಕೊಡುವಾಗ ಫೋಟೊ ಆಗಬೇಕಿತ್ತು, ಫೋನು ನನ್ನ ಕೈಯಲ್ಲಿತ್ತು. ವಯಸ್ಸಾದ ಒಬ್ಬಾಕೆ ಸೆರಗನ್ನು ಹಣೆಯ ಮೇಲಿಂದ ಗಲ್ಲದವರೆಗೆ ಎಳೆದುಕೊಂಡು, ‘ಅಕ್ಕಿ ಈಸ್ಕೋತೀನಿ ಸ್ವಾಮಿ, ಮಕ ಮಾತ್ರ ಬ್ಯಾಡಿ’ ಎಂದರು. ನಾನು ಫೋನು ಇಳಿಸಿದೆ. ಅಕ್ಕಿ ಕೊಟ್ಟದ್ದು ನಮ್ಮ ನಡೆ. ಆ ಚಿತ್ರದ ಕೆಳಗೆ ಬರೆಯಲಿದ್ದ ಎರಡು ಸಾಲು ನಮ್ಮ ನುಡಿ. ಅದರಲ್ಲಿ ಆಕೆ ‘ಫಲಾನುಭವಿ’ಯಾಗುತ್ತಿದ್ದರು, ಅಷ್ಟೆ. ಇಪ್ಪತ್ತೋ ಮೂವತ್ತೋ ವರ್ಷ ಮಗ್ಗದ ಮುಂದೆ ನಿಂತು ಸೀರೆ ನೇಯ್ದವರೆಂದು ಯಾರೂ ಬರೆಯುತ್ತಿರಲಿಲ್ಲ.

ಆದ್ದರಿಂದ ನಮ್ಮ ಧರ್ಮಕೇಂದ್ರಗಳಲ್ಲೂ ಸಭೆಗಳಲ್ಲೂ ದ್ಯುಬುವಾ ಅವರನ್ನು ಓದಬೇಕು ಎನ್ನುವುದೇ ನನ್ನ ಅಭಿಪ್ರಾಯ. ಬದುಕಿನಿಂದ ಕಲಿಯಲು, ಪುಸ್ತಕದಿಂದ ಎಚ್ಚರಗೊಳ್ಳಲು. ಹೊಸಕೋಟೆಯಲ್ಲಾಗಲಿ ನೆಲಮಂಗಲದಲ್ಲಾಗಲಿ, ಸೇವೆಯ ವರದಿ ಬರೆಯುವವರಲ್ಲಿ, ಪ್ರಾರ್ಥನಾಕೂಟದಲ್ಲಿ ಇನ್ನೊಬ್ಬರ ಕಷ್ಟವನ್ನು ಸಾಕ್ಷಿಯಾಗಿ ಹೇಳುವವರಲ್ಲಿ ನನ್ನದೊಂದು ವಿನಂತಿ: ಯಾರನ್ನು ಕುರಿತು ಬರೆದಿದ್ದೀರೋ ಅವರ ಮನೆಯ ಜಗುಲಿಯಲ್ಲಿ ಕೂತು, ಅವರ ಮುಖ ನೋಡುತ್ತ ಅದನ್ನು ಗಟ್ಟಿಯಾಗಿ ಓದಿ ಹೇಳಿ. ಓದಲು ನಾಲಿಗೆ ಏಳದಿದ್ದರೆ ಆ ಹಾಳೆಯನ್ನು ಹರಿದುಹಾಕಿ, ಅಕ್ಕಿಯನ್ನು ಮಾತ್ರ ಕೊಟ್ಟು ಬನ್ನಿ.