‘ದ್ಯಾನ್ ಐ’: ಒಂದು ಪರೀಕ್ಷಾಸೂತ್ರದ ವಿಮರ್ಶೆ

ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ಕೈಪಿಡಿಗಳು ‘ಬಿಟ್ವೀನ್ ಯು ಅಂಡ್ ಐ’ ತಪ್ಪೆನ್ನುತ್ತವೆ. ಕಾರಣ ಹೇಳುವುದು ವಿರಳ. ಕುಮಾರಪಟ್ಟಣದ ಅಭ್ಯರ್ಥಿಗಳಿಗೆ ಆ ಕಾರಣ ತಮ್ಮ ನುಡಿಯಲ್ಲೇ ಇದೆ: ‘ನಿನ್ನ ಮತ್ತು ನನ್ನ ನಡುವೆ’ ಎನ್ನುವಾಗ ಎರಡೂ ಸರ್ವನಾಮಗಳು ವಿಭಕ್ತಿ ಪಡೆಯುತ್ತವೆ, ‘ನೀನು ಮತ್ತು ನಾನು ನಡುವೆ’ ಎಂದು ಯಾರೂ ನುಡಿಯರು.

ಹೋಲಿಕೆಯ ವಾಕ್ಯದಲ್ಲಿ ಇದೇ ಅರಿವಿಗೆ ಅಂಕ ನಷ್ಟ. ‘ಅವಳು ನನಗಿಂತ ಎತ್ತರ’ ಎಂಬಲ್ಲಿನ ಚತುರ್ಥಿ ಅವರನ್ನು ‘ದ್ಯಾನ್ ಮಿ’ಯತ್ತ ಒಯ್ಯುತ್ತದೆ, ಕೈಪಿಡಿ ‘ಆ್ಯಮ್’ ಲೋಪವಾಗಿದೆಯೆಂದು ‘ದ್ಯಾನ್ ಐ’ಯನ್ನೇ ಬೇಡುತ್ತದೆ. ಹಡಲ್‌ಸ್ಟನ್ ಮತ್ತು ಪುಲಮ್ ಅವರ 2002ರ ಕೇಂಬ್ರಿಡ್ಜ್ ವ್ಯಾಕರಣವಾದರೋ ‘ದ್ಯಾನ್’ ಅನ್ನು ಪ್ರಿಪೊಸಿಷನ್ ಎಂದೆಣಿಸಿ ‘ಮಿ’ಯನ್ನೂ ಒಪ್ಪುತ್ತದೆ. ಎರಡೂ ಸರಿಯಿರುವಲ್ಲಿ ಒಂದಕ್ಕೆ ಮಾತ್ರ ಅಂಕ ಕೊಡುವ ಪ್ರಶ್ನೆ ಸದೋಷವೆಂದೇ ನನ್ನ ನಿಲುವು.

ನಿಜವಾದ ತೊಡಕು ಬೇರೆಡೆ ಇದೆ. ‘ಅವಳು ನನಗಿಂತ ನಿನ್ನನ್ನು ಹೆಚ್ಚು ಮೆಚ್ಚುತ್ತಾಳೆ’ ಎಂಬಲ್ಲಿ ‘ನಾನು’ ಮೆಚ್ಚುವ ಕರ್ತೃವೋ ಮೆಚ್ಚುಗೆಯ ಕರ್ಮವೋ ತಿಳಿಯದು. ಇಂಗ್ಲಿಷ್ ಶಿಷ್ಟರೂಪ ‘ಐ’, ‘ಮಿ’ಗಳಿಂದ ಅದನ್ನು ಬೇರ್ಪಡಿಸಬಲ್ಲದು. ಕನ್ನಡದ ‘ನನಗಿಂತ’ ಇಲ್ಲಿ ನೆರವಾಗದು. ಕೈಪಿಡಿಗಳು ವಿವರಿಸಬೇಕಾದ್ದು ಈ ವಾಕ್ಯವನ್ನು.