ಹಸಿರು ಸಾಲು, ತಪ್ಪು ಜಿಲ್ಲೆ

ಟೆಸ್ಟ್ ಮಾಡುವಾಗ ಕೋಡಿನ ಎಷ್ಟು ಸಾಲು ಓಡಿದವು ಎಂದು ಹೇಳುವ ಕವರೇಜ್ ವರದಿಯಲ್ಲಿ ಶೇ 100 ಕಂಡ ಕೂಡಲೇ ಲ್ಯಾಪ್‌ಟಾಪ್ ಮುಚ್ಚುವವರನ್ನು ಕೆಣಕುವುದು ನನಗೆ ಇಷ್ಟ. ಅವರ ಮುಂದಿಡಲು ನಮ್ಮ ಸೀಮೆಯದೇ ಒಂದು ಪುಟ್ಟ ಪೈಥಾನ್ ಫಂಕ್ಷನ್ ಇದೆ. ತಾಲ್ಲೂಕು, ದಿನಾಂಕ ಕೊಟ್ಟರೆ ಜಿಲ್ಲೆ ಹೇಳುತ್ತದೆ.

ಮೊದಲು ಜಿಲ್ಲೆಯನ್ನು ಬಳ್ಳಾರಿ ಎಂದಿಟ್ಟುಕೊಳ್ಳುತ್ತದೆ. ಆಮೇಲೆ ಒಂದು ‘ಇಫ್’: ತಾಲ್ಲೂಕು ಬಳ್ಳಾರಿಯಿಂದ ಒಡೆದ ಹೊಸ ಜಿಲ್ಲೆಯ ಪಟ್ಟಿಯಲ್ಲಿದ್ದು, ದಿನಾಂಕವೂ ಜಿಲ್ಲೆ ಹುಟ್ಟಿದ ಮೇಲಿನದಾದರೆ ವಿಜಯನಗರ ಎಂದು ಬದಲಿಸು. ಕೊನೆಗೆ ಉತ್ತರ. ಹುಟ್ಟಿದ ದಿನವೇ ಒಂದು ತಕರಾರು ಅನ್ನಿ. ಅಧಿಸೂಚನೆ ಬಂದದ್ದು 2021ರ ಫೆಬ್ರುವರಿ 8ಕ್ಕೆ, ಉದ್ಘಾಟನೆಯಾದದ್ದು ಅಕ್ಟೋಬರ್ 2ಕ್ಕೆ. ನಾನು ಅಧಿಸೂಚನೆಯ ಪಕ್ಷ.

ಇವತ್ತಿನ ದಿನಾಂಕ ಹಾಕಿ ಹೊಸಪೇಟೆಯೊಂದನ್ನೇ ಟೆಸ್ಟ್ ಮಾಡಿ. ಎಲ್ಲ ಸಾಲೂ ಓಡಿ ಶೇ 100 ಬರುತ್ತದೆ. ಬಳ್ಳಾರಿಯಲ್ಲೇ ಉಳಿದ ಸಂಡೂರು, ಕಂಪ್ಲಿಗಳನ್ನು ಕೇಳಿದವರೇ ಇಲ್ಲ. ನೆಡ್ ಬ್ಯಾಚೆಲ್ಡರ್ 2004ರಿಂದ ಸಾಕುತ್ತಿರುವ ಕವರೇಜ್.ಪಿವೈಗೆ ‘--ಬ್ರಾಂಚ್’ ಸೇರಿಸಿ ಓಡಿಸಿ, ‘ಕವರೇಜ್ ಎಚ್‌ಟಿಎಂಎಲ್’ ಕೊಟ್ಟು ಪುಟ ತೆರೆದರೆ ‘ಇಫ್’ ಸಾಲು ಹಳದಿಯಾಗಿರುತ್ತದೆ. ಷರತ್ತು ಸುಳ್ಳಾಗುವ ದಾರಿ ತುಳಿದಿಲ್ಲ ಎಂದರ್ಥ. ಬ್ರಾಂಚ್ ಇಲ್ಲದ ವರದಿಯನ್ನು ನಾನಂತೂ ಓದುವುದಿಲ್ಲ.

ಸಂಡೂರು ಸೇರಿಸಿದರೆ ಹಳದಿಯೂ ಹೋಯಿತು. ಆದರೆ 2019ರ ಹೊಸಪೇಟೆ? ಒಂದೇ ‘ಇಫ್’ನಲ್ಲಿ ಎರಡು ಷರತ್ತನ್ನು ‘ಆ್ಯಂಡ್’ನಿಂದ ಕಟ್ಟಿದರೆ ಈ ಉಪಕರಣ ನೋಡುವುದು ಒಟ್ಟು ಫಲವನ್ನಷ್ಟೇ. 2021ರ ಬದಲು 2012 ಎಂದು ಬೆರಳು ಜಾರಿದ್ದರೂ ವರದಿ ಹಸಿರೇ. ಅಸರ್ಟ್ ಬರೆಯದೆ ಸುಮ್ಮನೆ ಫಂಕ್ಷನ್ ಕರೆದರೂ ಹಸಿರೇ, ಅದನ್ನು ಬಿಡಿ.

ಹರಪನಹಳ್ಳಿಯದು ಇನ್ನೂ ಮಜಾ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅತ್ತ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, ಈಗ ವಿಜಯನಗರದಲ್ಲಿದೆ. 2005ರ ದಿನಾಂಕ ಕೊಟ್ಟರೆ ನಮ್ಮ ಫಂಕ್ಷನ್ ಧೈರ್ಯವಾಗಿ ಬಳ್ಳಾರಿ ಎನ್ನುತ್ತದೆ. ದಾವಣಗೆರೆಯ ಸಾಲನ್ನು ಬರೆದೇ ಇಲ್ಲ. ಬರೆಯದ ಸಾಲಿಗೆ ವರದಿ ಎಲ್ಲಿಂದ ಕೆಂಪು ಬಳಿದೀತು?

ಕಂಪ್ಲಿಯೂ ಹಾಗೇ. ಪ್ರತ್ಯೇಕ ತಾಲ್ಲೂಕಾಗುವ ಮೊದಲು ಅದು ಹೊಸಪೇಟೆ ತಾಲ್ಲೂಕಿನಲ್ಲಿತ್ತು. ‘ಕಂಪ್ಲಿ, ಹೊಸಪೇಟೆ ತಾ.’ ಎಂಬ ಹಳೆಯ ವಿಳಾಸದಿಂದ ತಾಲ್ಲೂಕು ಎತ್ತಿಕೊಂಡು ಇವತ್ತಿನ ಜಿಲ್ಲೆ ಕೇಳಿದರೆ ವಿಜಯನಗರ ಎಂದುಬಿಡುತ್ತದೆ. ಹಂಪಿ ಈಗಲೂ ಹೊಸಪೇಟೆ ತಾಲ್ಲೂಕಿನದೇ ಆದ್ದರಿಂದ ಬಚಾವು.

ಹರಪನಹಳ್ಳಿ, ಕಂಪ್ಲಿ ಎರಡಕ್ಕೂ ಸಾಲು ಸೇರಿಸಿದ್ದೇನೆ, ಟೆಸ್ಟ್ ಇನ್ನೂ ಬರೆದಿಲ್ಲ. ಶೇಕಡಾವಾರು ಇಳಿದಿದೆ, ಪುಟದಲ್ಲಿ ಅಲ್ಲಲ್ಲಿ ಕೆಂಪು. ಈ ವಾರ ಓದಲು ಒಂದಿಷ್ಟಿದೆ.